ಪಾತ್ರವೇ ಮುಖ್ಯ ಎಂಬ ನೆಪ

‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿಯ ಕಡೆಯ ಕಂತು ಬರೆಯುವ ಹೊತ್ತಿಗೆ ಅದರ ಮುಖ್ಯ ಲೇಖಕ ರೊನಾಲ್ಡ್ ಡಿ. ಮೂರ್ ಅವರಿಗೆ ದಾರಿ ತೋಚದಂತಾಗಿತ್ತು. ನಾಲ್ಕು ಸೀಸನ್‌ಗಳ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಗ್ಗಂಟಾಗಿದ್ದವು. ಒಂದು ದಿನ ಅವರು ಬರಹಗಾರರ ಕೋಣೆಗೆ ಬಂದವರೇ ಬಿಳಿ ಹಲಗೆಯ ಮೇಲೆ ಒಂದು ಸಾಲು ಬರೆದರು. ಕಥೆಯ ಜಾಲ ಹಾಗಿರಲಿ, ಮುಖ್ಯವಾದದ್ದು ಪಾತ್ರಗಳು ಎಂಬುದು ಅದರ ತಾತ್ಪರ್ಯ. ಮುಂದೆ ಸಂದರ್ಶನಗಳಲ್ಲಿ ಮೂರ್ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಕಂತು 2009ರ ಮಾರ್ಚ್ 20ರಂದು ಪ್ರಸಾರವಾಯಿತು.

ಅಂದಿನಿಂದ ಆ ಸಾಲು ಆ ಕೋಣೆಯನ್ನು ದಾಟಿ ಬಹಳ ದೂರ ಬಂದಿದೆ. ವರ್ಷಗಟ್ಟಲೆ ಒಗಟು ಒಡ್ಡಿ, ಕೊನೆಗೆ ಕೈಕೊಟ್ಟ ಯಾವ ಧಾರಾವಾಹಿಯ ಬಗ್ಗೆ ಯಾರು ಬೇಸರ ತೋಡಿಕೊಂಡರೂ ಉತ್ತರ ಸಿದ್ಧವಾಗಿರುತ್ತದೆ: ಕೊನೆ ಏನು ಮಹಾ, ಪಯಣ ಚೆನ್ನಾಗಿತ್ತಲ್ಲ. ಪಾತ್ರಗಳ ಮನಸ್ಸು ಮುಖ್ಯ, ಒಗಟಲ್ಲ. ಉತ್ತರ ಬೇಕು ಎಂದು ಹಟ ಹಿಡಿಯುವವರಿಗೆ ಕಥೆಯೇ ಅರ್ಥವಾಗಿಲ್ಲ. ವಿಮರ್ಶಕರು, ಅಭಿಮಾನಿಗಳು, ಕೆಲವೊಮ್ಮೆ ಬರೆದವರೇ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನಿರಾಶನಾದ ನೋಡುಗ ತನ್ನ ನಿರಾಶೆಗೆ ತಾನೇ ನಾಚಿಕೊಳ್ಳುವ ಸ್ಥಿತಿ ಬಂದಿದೆ.

ನಾಚಿಕೊಳ್ಳಬೇಕಾಗಿಲ್ಲ. ಈ ವಾದ ತಪ್ಪು. ಅದರಲ್ಲೂ, ಅದು ಹುಟ್ಟಿದ ಆ ಕಂತಿನ ಮಟ್ಟಿಗಂತೂ ಪೂರ್ತಿ ತಪ್ಪು. ಅಲ್ಲಿ ಸೋತದ್ದು ಒಗಟಿನ ಉತ್ತರ ಮಾತ್ರವಲ್ಲ, ಪಾತ್ರಗಳೇ ಸೋತವು.

ಆ ಧಾರಾವಾಹಿ ಎಂಥದ್ದಾಗಿತ್ತು ಎಂಬುದನ್ನು ನೆನೆಯದೆ ನಷ್ಟದ ಅಳತೆ ಸಿಗುವುದಿಲ್ಲ. 1978ರಲ್ಲಿ ಬಂದ ಒಂದು ಹಗುರವಾದ ಅಂತರಿಕ್ಷ ಸಾಹಸದ ಹೆಸರನ್ನೂ ಚೌಕಟ್ಟನ್ನೂ ತೆಗೆದುಕೊಂಡು ಮೂರ್ ಮತ್ತು ಡೇವಿಡ್ ಐಕ್ 2003ರ ಡಿಸೆಂಬರ್‌ನಲ್ಲಿ ಅದಕ್ಕೆ ಹೊಸ ಹುಟ್ಟು ಕೊಟ್ಟರು. ಮನುಷ್ಯರು ತಾವೇ ಮಾಡಿದ ಸೈಲಾನ್ ಎಂಬ ಯಂತ್ರಗಳನ್ನು ಜೀತದಾಳುಗಳಂತೆ ದುಡಿಸಿಕೊಂಡರು. ಯಂತ್ರಗಳು ತಿರುಗಿಬಿದ್ದವು. ಹನ್ನೆರಡು ಗ್ರಹಗಳ ಕೋಟಿ ಕೋಟಿ ಜನ ಒಂದೇ ದಿನ ಬೂದಿಯಾದರು. ಉಳಿದವರು ಸುಮಾರು 50 ಸಾವಿರ, ಹತ್ತಾರು ಹಳೆಯ ನೌಕೆಗಳು, ಕಾವಲಿಗೆ ಒಂದೇ ಒಂದು ಮುದಿ ಯುದ್ಧನೌಕೆ. ಮೊದಲ ಸೀಸನ್ನಿನ ಮೊದಲ ಕಂತಿನಲ್ಲಿ 33 ನಿಮಿಷಕ್ಕೊಮ್ಮೆ ದಾಳಿ ನಡೆಯುತ್ತದೆ. ಐದು ದಿನದಿಂದ ಯಾರೂ ಕಣ್ಣು ಮುಚ್ಚಿಲ್ಲ. ಅಧ್ಯಕ್ಷೆ ಲಾರಾ ರಾಸ್ಲಿನ್ ಕೋಣೆಯಲ್ಲೂ ಒಂದು ಬಿಳಿ ಹಲಗೆ ಇದೆ. ಬದುಕಿ ಉಳಿದವರ ಲೆಕ್ಕ ಅದರ ಮೇಲೆ. ಸಂಖ್ಯೆ ಇಳಿಯುತ್ತಲೇ ಹೋಗಿ, ಕಂತಿನ ಕೊನೆಯಲ್ಲಿ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದು ಹೋಗಿ ಆ ಸಂಖ್ಯೆಗೆ ಒಂದನ್ನು ಕೂಡಿಸುತ್ತಾಳೆ. ಆ ಕಂತಿಗೆ ಹ್ಯೂಗೋ ಪ್ರಶಸ್ತಿ ಸಿಕ್ಕಿತು.

ಇದು ಲೆಕ್ಕ ಇಡುವ ಕಥೆಯಾಗಿತ್ತು. ನೀರು ಎಷ್ಟಿದೆ, ಇಂಧನ ಎಷ್ಟಿದೆ, ಔಷಧ ಯಾರ ಕೈಯಲ್ಲಿದೆ, ಗರ್ಭಪಾತಕ್ಕೆ ಅನುಮತಿ ಇರಬೇಕೇ, ಸೇನೆ ಜನರ ಮೇಲೆ ಗುಂಡು ಹಾರಿಸಬಹುದೇ ಎಂದೆಲ್ಲ ಅದು ಕೇಳಿತು, ಕೇಳಿದ್ದಕ್ಕೆ ಬೆಲೆಯನ್ನೂ ತೆತ್ತಿತು. ಅಮೆರಿಕ ಇರಾಕಿನಲ್ಲಿ ಯುದ್ಧ ನಡೆಸುತ್ತಿದ್ದ 2006ರಲ್ಲಿ, ಆಕ್ರಮಿತ ನೆಲದಲ್ಲಿ ಆತ್ಮಾಹುತಿ ಬಾಂಬ್ ಕಟ್ಟಿಕೊಳ್ಳುವವರು ತನ್ನ ಕಥೆಯ ನಾಯಕರ ಕಡೆಯವರೇ ಎಂದು ತೋರಿಸುವ ಎದೆಗಾರಿಕೆ ಅದಕ್ಕಿತ್ತು. ಪೀಬಡಿ ಪ್ರಶಸ್ತಿ ಬಂತು. ಕಡೆಯ ಕಂತಿಗೆ ಮೂರು ದಿನ ಮುಂಚೆ, 2009ರ ಮಾರ್ಚ್ 17ರಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಈ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಮಾನವ ಹಕ್ಕುಗಳ ಚರ್ಚೆ ನಡೆಯಿತು. ದೂರದರ್ಶನದ ಒಂದು ವಿಜ್ಞಾನ ಕಥೆಗೆ ಅಂಥ ಗೌರವ ಸಿಕ್ಕಿದ್ದು ಅಪರೂಪ, ಮತ್ತು ಅದು ಆ ಗೌರವಕ್ಕೆ ತಕ್ಕದ್ದಾಗಿತ್ತು.

ಮೂರು ದಿನ ಕಳೆಯಿತು. ಕಡೆಯ ಕಂತಿನಲ್ಲಿ ಈ ಜನ ಒಂದು ಹಸಿರು ಗ್ರಹ ಮುಟ್ಟುತ್ತಾರೆ. ಅದು ನಮ್ಮದೇ ಭೂಮಿ, ಒಂದೂವರೆ ಲಕ್ಷ ವರ್ಷ ಹಿಂದಿನದು. ಉಳಿದಿರುವವರು ಸುಮಾರು 38 ಸಾವಿರ. ಆ ಮುದಿ ಯುದ್ಧನೌಕೆಯ ದಳಪತಿ ಅಡಾಮಾನ ಮಗ ಲೀ ಒಂದು ಸಲಹೆ ಕೊಡುತ್ತಾನೆ: ಊರು ಕಟ್ಟುವುದು ಬೇಡ, ವಿಜ್ಞಾನ ಮುಂದೆ ಓಡಿ ಆತ್ಮ ಹಿಂದೆ ಬಿದ್ದದ್ದೇ ನಮ್ಮ ದುರಂತ, ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಶುರು ಮಾಡೋಣ. ಎಲ್ಲರೂ ಒಪ್ಪುತ್ತಾರೆ. ನೌಕೆಗಳೆಲ್ಲ ಸಾಲಾಗಿ ಸೂರ್ಯನೊಳಗೆ ಹೋಗಿ ಬೀಳುತ್ತವೆ.

ಎಲ್ಲರೂ ಒಪ್ಪುತ್ತಾರೆ! ಆರೇಳು ವಾರದ ಹಿಂದೆ ಪ್ರಸಾರವಾದ ಎರಡು ಕಂತುಗಳಲ್ಲಿ ಇದೇ ಜನ ದಂಗೆ ಎದ್ದಿದ್ದರು. ಕಾರಣವೇನು? ನೌಕೆಗಳಿಗೆ ಸೈಲಾನ್‌ಗಳ ತಂತ್ರಜ್ಞಾನ ಅಳವಡಿಸಬೇಕೆಂದು ಅಡಾಮಾ ಹೊರಟದ್ದು. ತಮ್ಮ ಹಡಗಿನ ಯಂತ್ರವನ್ನು ಅನ್ಯರು ಮುಟ್ಟುವುದು ಬೇಡ ಎಂದು ಬಂದೂಕು ಹಿಡಿದವರು ಅವರು. ದಂಗೆಯ ಮುಂದಾಳು ಗೇಟಾ ಮೊದಲ ದಿನದಿಂದಲೂ ಅಡಾಮಾನ ಪಕ್ಕದಲ್ಲೇ ನಿಂತು ಕೆಲಸ ಮಾಡಿದ ಅಧಿಕಾರಿ. ಒಂದು ಕಾಲು ಕಳೆದುಕೊಂಡಿದ್ದಾನೆ. ಇಲ್ಲದ ಕಾಲಿನ ನೋವಿನಿಂದ ಉಳಿದ ಮೊಂಡನ್ನು ಸದಾ ಕೆರೆದುಕೊಳ್ಳುತ್ತಾನೆ. ದಂಗೆ ಸೋತು, ಗುಂಡಿಗೆ ಎದೆಯೊಡ್ಡಿ ಕೂತಾಗ, ಇದ್ದಕ್ಕಿದ್ದಂತೆ ಆ ತುರಿಕೆ ನಿಂತುಹೋಗುತ್ತದೆ. ನಿಂತಿತು ಎಂದು ಮೆಲ್ಲಗೆ ಹೇಳುತ್ತಾನೆ, ಗುಂಡು ಹಾರುತ್ತದೆ. ಪಾತ್ರ ಮುಖ್ಯ ಎನ್ನುವುದಾದರೆ ಇದು ಪಾತ್ರ! ಒಬ್ಬ ಮನುಷ್ಯನ ಹಟ, ಅವಮಾನ, ತಪ್ಪು ಎಲ್ಲವೂ ಆ ಒಂದು ಮಾತಿನಲ್ಲಿವೆ.

ಅಂಥ ಜಗಳಗಂಟ ಜನ, ಚುನಾವಣೆಗಾಗಿ ಹೊಡೆದಾಡಿದ ಜನ, ತಮ್ಮ ಹಡಗು, ಹಾಸಿಗೆ, ಆಸ್ಪತ್ರೆಗಳನ್ನು ಬೆಂಕಿಗೆ ಹಾಕಲು ಮತದಾನವಿಲ್ಲದೆ, ಒಂದು ಅಡ್ಡ ಮಾತೂ ಇಲ್ಲದೆ ಒಪ್ಪಿದರು ಎಂದರೆ ಅವರು ಆ ಹಿಂದಿನ ಜನ ಅಲ್ಲ. ಕಥೆ ಮುಗಿಸುವ ಅವಸರದಲ್ಲಿ ಬರಹಗಾರರು ಬೇರೆ ಜನರನ್ನು ತಂದು ನಿಲ್ಲಿಸಿದ್ದಾರೆ. ಕಥೆಯೊಳಗಿನವರಿಗೇ ಇದು ಅಚ್ಚರಿ ಎನಿಸಿತು ಎಂಬಂತೆ ಒಂದು ಮಾತು ಆಡಿಸಿ ಮುಂದೆ ಸಾಗಿಬಿಡುತ್ತಾರೆ. ನಾಲ್ಕು ವರ್ಷ ಪ್ರಜಾಪ್ರಭುತ್ವದ ಕಷ್ಟವನ್ನು ಇಂಚು ಇಂಚಾಗಿ ತೋರಿಸಿದ ಕಥೆಗೆ ಒಂದು ಮಾತಿನ ತೇಪೆ ಸಾಕೇ?

ಔಷಧದ ಸಂಗತಿ ಇನ್ನೂ ಕಹಿ. ಎರಡನೆಯ ಸೀಸನ್ನಿನ ಕೊನೆಯಲ್ಲಿ ಈ ಜನ ನ್ಯೂ ಕ್ಯಾಪ್ರಿಕಾ ಎಂಬ ಚಳಿಯ ಗ್ರಹದಲ್ಲಿ ಬಿಡಾರ ಹೂಡುತ್ತಾರೆ. ಕೆಸರು, ಗುಡಾರ, ಕೆಮ್ಮು. ಪೈಲಟ್ ಕಾರಾ ಥ್ರೇಸ್‌ಳ ಗಂಡ ಆ್ಯಂಡರ್ಸ್‌ಗೆ ನ್ಯುಮೋನಿಯಾ. ಮೇಲಿನ ಕಕ್ಷೆಯಲ್ಲಿ ಆಗ ಇವರೊಡನಿದ್ದ ಇನ್ನೊಂದು ಯುದ್ಧನೌಕೆಯಲ್ಲಿ ಆ್ಯಂಟಿಬಯೋಟಿಕ್ ಇದೆ, ಆದರೆ ಆ ನೌಕೆಯ ಕಮಾಂಡರ್ ಲೀ. ಅವನಿಗೂ ಅವಳಿಗೂ ಮಾತು ನಿಂತು ಬಹುಕಾಲವಾಗಿದೆ. ತನ್ನ ಅಹಂಕಾರವನ್ನೆಲ್ಲ ನುಂಗಿಕೊಂಡು ಅವಳು ಅವನಿಗೆ ಕರೆ ಮಾಡಿ ಔಷಧ ಬೇಡುತ್ತಾಳೆ. ಔಷಧವಿಲ್ಲದ ನೆಲ ಎಂದರೇನು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ ದೃಶ್ಯ ಅದು. ಆ ಕರೆಯನ್ನು ಕಿವಿಯಾರೆ ಕೇಳಿದ ಅದೇ ಲೀ, ಕೊನೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಬಿಟ್ಟುಬಿಡೋಣ ಎನ್ನುತ್ತಾನೆ. ಆ ಕರೆ ಅವನ ನೆನಪಿಗೇ ಬರುವುದಿಲ್ಲ. ನೆನಪಿಸುವ ಒಂದು ದನಿಯೂ ಇಲ್ಲ. ಪಾತ್ರವನ್ನು ಪ್ರೀತಿಸುವ ಬರಹಗಾರ ಅದರ ನೆನಪನ್ನು ಕಾಪಾಡಬೇಡವೇ?

ಇನ್ನು ಕಾರಾ. ಮೂರನೆಯ ಸೀಸನ್ನಿನಲ್ಲಿ, 2007ರ ಮಾರ್ಚ್‌ನಲ್ಲಿ, ವಿಮಾನ ಸಿಡಿದು ಅವಳು ಸಾಯುತ್ತಾಳೆ. ಅದೇ ತಿಂಗಳು, ಸೀಸನ್ನಿನ ಕಡೆಯ ಕಂತಿನಲ್ಲಿ, ಹೊಚ್ಚಹೊಸ ವಿಮಾನದಲ್ಲಿ ಮರಳಿ ಬರುತ್ತಾಳೆ. ಎರಡು ವರ್ಷದ ಬಳಿಕ ಸುಟ್ಟು ಕರಕಲಾದ ಒಂದು ಹೆಣ ಅವಳ ಕಣ್ಣಿಗೆ ಬೀಳುತ್ತದೆ. ಕೊರಳಿನ ಬಿಲ್ಲೆಯಲ್ಲಿ ಅವಳದೇ ಹೆಸರು. ತನ್ನ ಹೆಣವನ್ನು ತಾನೇ ಎತ್ತಿಕೊಂಡು ಹೋಗಿ ಚಿತೆಗಿಟ್ಟು, ಹಾಗಾದರೆ ನಾನು ಯಾರು ಎಂದು ಬೆಂಕಿಯ ಮುಂದೆ ನಿಲ್ಲುವ ಆ ಹೆಣ್ಣಿನ ಮುಖವನ್ನು ಕೇಟಿ ಸ್ಯಾಕ್‌ಹಾಫ್ ಮರೆಯಲಾಗದಂತೆ ತೋರಿಸಿದ್ದಾರೆ. ಉತ್ತರ? ಕಡೆಯ ಕಂತಿನಲ್ಲಿ ಲೀ ಹುಲ್ಲುಗಾವಲಿನಲ್ಲಿ ನಿಂತು ಮುಂದೆ ಏನೇನು ಮಾಡಬೇಕೆಂದು ಅವಳಿಗೆ ಹೇಳುತ್ತಿದ್ದಾನೆ. ಬೆಟ್ಟ ಹತ್ತಬೇಕು, ಸಮುದ್ರ ದಾಟಬೇಕು. ಹಿಂತಿರುಗಿ ನೋಡಿದರೆ ಅವಳಿಲ್ಲ. ಗಾಳಿಗೆ ಹುಲ್ಲು ಬಾಗುತ್ತಿದೆ. ಅಷ್ಟೇ.

ಇಲ್ಲಿಯೇ ‘ಪಾತ್ರ ಮುಖ್ಯ, ಒಗಟಲ್ಲ’ ಎಂಬ ವಾದ ಕುಸಿಯುತ್ತದೆ. ಕಾರಾಳ ವಿಷಯದಲ್ಲಿ ಒಗಟೇ ಪಾತ್ರ. ನಾನು ಯಾರು ಎಂಬ ಪ್ರಶ್ನೆ ನೋಡುಗನ ಕುತೂಹಲಕ್ಕೆ ಹುಟ್ಟಿದ್ದಲ್ಲ, ಅವಳ ಎದೆಯೊಳಗಿನದು. ಅದನ್ನು ಕೈಬಿಟ್ಟರೆ ಅವಳನ್ನೇ ಕೈಬಿಟ್ಟಂತೆ.

ದೈವದ ಮಾತು ಮೊದಲಿನಿಂದಲೂ ಇತ್ತಲ್ಲ ಎಂದು ಕೆಲವರು ಸಮರ್ಥಿಸುತ್ತಾರೆ. ಇತ್ತು, ನಿಜ. ರಾಸ್ಲಿನ್‌ಗೆ ಕಾಣುವ ದರ್ಶನಗಳು ಧರ್ಮಗ್ರಂಥದ ಭವಿಷ್ಯವಾಣಿಯೋ, ಕ್ಯಾನ್ಸರ್‌ಗೆ ಆಕೆ ಸೇವಿಸುವ ಗಿಡಮೂಲಿಕೆಯ ಮದ್ದಿನ ಭ್ರಮೆಯೋ? ವಿಜ್ಞಾನಿ ಬಾಲ್ಟರ್‌ನ ಕಣ್ಣಿಗೆ ಮಾತ್ರ ಕಾಣುವ ಹೆಂಗಸು ದೇವದೂತೆಯೋ, ಪಾಪಪ್ರಜ್ಞೆಯೋ? ಎರಡೂ ಆಗಬಹುದಿತ್ತು, ಕಥೆಯ ಬಿಗಿ ಇದ್ದದ್ದು ಅಲ್ಲೇ. ನಂಬುವ ಮನುಷ್ಯರ ಕಥೆ ಬೇರೆ, ದೇವರೇ ಬಂದು ಗಂಟು ಬಿಡಿಸುವ ಕಥೆ ಬೇರೆ. ಕಡೆಯ ಕಂತಿನ ಯುದ್ಧದಲ್ಲಿ ಸತ್ತ ಪೈಲಟ್ ಒಬ್ಬಳ ಕೈ ಜಾರಿ ಅಣುಬಾಂಬಿನ ಗುಂಡಿಯ ಮೇಲೆ ಬೀಳುತ್ತದೆ, ಶತ್ರುವಿನ ನೆಲೆ ಧ್ವಂಸವಾಗುತ್ತದೆ. ಕಾರಾ ಒಂದು ಹಳೆಯ ಹಾಡಿನ ಸ್ವರಗಳನ್ನು ಅಂಕಿಗಳಾಗಿ ಒತ್ತುತ್ತಾಳೆ, ನೌಕೆ ನೇರ ಭೂಮಿಯ ಬಳಿಗೇ ನೆಗೆಯುತ್ತದೆ. ಇಲ್ಲಿ ಯಾರ ಜಾಣ್ಮೆಯೂ ಯಾರ ಧೈರ್ಯವೂ ಲೆಕ್ಕಕ್ಕಿಲ್ಲ.

ಕನ್ನಡದ ನೋಡುಗರಿಗೆ ಈ ಜಾಗದಲ್ಲಿ ಒಂದು ವಿಶೇಷ ನೋವಿದೆ. ಈ ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಹೆಣ್ಣು ದನಿಯೊಂದು ಹಾಡುವುದು ಗಾಯತ್ರಿ ಮಂತ್ರವನ್ನು. ಋಗ್ವೇದದ ಮೂರನೆಯ ಮಂಡಲದ, ವಿಶ್ವಾಮಿತ್ರನ ಹೆಸರಿನಲ್ಲಿರುವ ಆ ಮಂತ್ರ ಸೂರ್ಯನಲ್ಲಿ ಬೇಡುವುದು ಹಣವನ್ನಲ್ಲ, ಗೆಲುವನ್ನಲ್ಲ. ನಮ್ಮ ಬುದ್ಧಿಯನ್ನು ಪ್ರಚೋದಿಸು ಎಂದು. ಕಂತು ಕಂತಿಗೂ ಆ ಪ್ರಾರ್ಥನೆಯಿಂದ ಶುರುವಾಗುತ್ತಿದ್ದ ಕಥೆ, ಮುಗಿಯುವಾಗ ಮನುಷ್ಯರು ಬುದ್ಧಿಯಿಂದ ಕಟ್ಟಿದ್ದನ್ನೆಲ್ಲ ಅದೇ ಸೂರ್ಯನೊಳಗೆ ಎಸೆಯಿತು.

ಟೀವಿಯವರ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು ಸಮಾಧಾನ. 2007ರ ನವೆಂಬರ್‌ನಲ್ಲಿ ಅಮೆರಿಕದ ಬರಹಗಾರರ ಮುಷ್ಕರ ಶುರುವಾಗಿ ಚಿತ್ರೀಕರಣ ನಿಂತದ್ದು ನಿಜ. ವಾರಕ್ಕೊಂದು ಕಂತು ಹೆಣೆಯುವವರು ಎಲ್ಲವನ್ನೂ ಮೊದಲೇ ಯೋಚಿಸಿರಲು ಸಾಧ್ಯವಿಲ್ಲ, ಅದೂ ನಿಜ. ಆದರೆ ಮೊದಲ ಸೀಸನ್‌ಗಳಲ್ಲಿ ಪ್ರತಿ ಕಂತಿನ ಆರಂಭದಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡುತ್ತಿದ್ದವು: ಸೈಲಾನ್‌ಗಳ ಬಳಿ ಒಂದು ಯೋಜನೆ ಇದೆ ಎಂದು. ಅದನ್ನು ಹಾಕುವಾಗ ಯಾವ ಯೋಜನೆಯೂ ತಮ್ಮ ತಲೆಯಲ್ಲಿ ಇರಲಿಲ್ಲ ಎಂಬುದನ್ನು ಮೂರ್ ಮುಂದೆ ಒಪ್ಪಿಕೊಂಡರು. ಮನುಷ್ಯರೂಪದ ಸೈಲಾನ್‌ಗಳು ಒಟ್ಟು ಹನ್ನೆರಡು ಬಗೆ ಎಂದು ಮೊದಲೇ ಸಾರಿದ್ದರು. ಆ ಪೈಕಿ ಕೊನೆಯ ಐವರು ಯಾರು ಎಂದು ತೀರ್ಮಾನಿಸಿದ್ದು ವರ್ಷಗಳ ನಂತರ. ಆಗ ನೋಡಿದರೆ ಎಂಟನೆಯ ನಂಬರಿನವಳು ಇದ್ದಾಳೆ, ಏಳನೆಯವನಿಲ್ಲ! ಆ ತೂತು ಮುಚ್ಚಲು ಡೇನಿಯಲ್ ಎಂಬ, ಎಂದೋ ನಾಶವಾದ ಏಳನೆಯವನನ್ನು ಮಾತಿನಲ್ಲೇ ಸೃಷ್ಟಿಸಬೇಕಾಯಿತು. ಕಥೆ ಮುಗಿದ ಮೇಲೆ 2009ರ ಅಕ್ಟೋಬರ್‌ನಲ್ಲಿ ‘ದ ಪ್ಲಾನ್’ ಎಂಬ ಹೆಸರಿನಲ್ಲೇ ಒಂದು ಚಿತ್ರ ಬಂತು. ಅದರಲ್ಲೂ ಯೋಜನೆ ಎಂದರೆ ಎಲ್ಲರನ್ನೂ ಕೊಲ್ಲುವುದು, ಅದು ಆಗದೆ ಹೋದದ್ದು, ಇಷ್ಟೇ. ಬರೆಯುತ್ತಾ ಬರೆಯುತ್ತಾ ದಾರಿ ಹುಡುಕುವುದು ತಪ್ಪಲ್ಲ. ದಾರಿ ಗೊತ್ತಿದೆ ಎಂದು ವರ್ಷಗಟ್ಟಲೆ ಫಲಕ ಹಾಕಿದ್ದು ತಪ್ಪು. ಆ ಮಾತನ್ನು ನಂಬಿ ವಾರ ವಾರವೂ ಕುಳಿತವರು ಕೊನೆಗೆ ಲೆಕ್ಕ ಕೇಳಿದರೆ ಅವರನ್ನು ದಡ್ಡರೆನ್ನುವುದು ಇನ್ನೂ ದೊಡ್ಡ ತಪ್ಪು.

ಇದೇ ಕಷ್ಟದ ನಡುವೆಯೂ ಮಾತು ಉಳಿಸಿಕೊಂಡವರಿದ್ದಾರೆ. ‘ಬ್ಯಾಬಿಲಾನ್ 5’ ಬರೆದ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ಐದು ವರ್ಷದ ಕಥೆ ಎಂದು ಹೇಳಿ ಕೆಲಸ ಶುರು ಮಾಡಿದರು. ಮೊದಲ ಸೀಸನ್ ಮುಗಿಯುತ್ತಲೇ ನಾಯಕ ನಟ ಮೈಕಲ್ ಓಹೇರ್ ಅನಾರೋಗ್ಯದಿಂದ ಹೊರನಡೆಯಬೇಕಾಯಿತು. ನಾಯಕನೇ ಇಲ್ಲದ ಮೇಲೆ ಕಥೆ ಮುರಿದುಬೀಳಬೇಕಿತ್ತು. ಆದರೆ ಮೊದಲ ಸೀಸನ್ನಿನಲ್ಲಿ ಕಾಣೆಯಾಗಿದ್ದ ಒಂದು ಅಂತರಿಕ್ಷ ನಿಲ್ದಾಣದ ಒಗಟನ್ನೂ ಆ ನಾಯಕನ ಹಣೆಬರಹವನ್ನೂ ಒಂದೇ ದಾರದಲ್ಲಿ ಕೋದು, 1996ರಲ್ಲಿ ಎರಡು ಕಂತುಗಳಲ್ಲಿ ಎರಡಕ್ಕೂ ಉತ್ತರ ಕೊಟ್ಟರು. ಉತ್ತರ ಸಿಕ್ಕಾಗ ಪಾತ್ರ ಕುಗ್ಗಲಿಲ್ಲ, ಬೆಳೆಯಿತು.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಸ್ವತಃ ಮೂರ್ ಅವರೇ. 1994ರ ಮೇ 23ರಂದು ಮುಗಿದ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ನ ಕಡೆಯ ಕಂತನ್ನು ಬ್ರ್ಯಾನನ್ ಬ್ರಾಗಾ ಜೊತೆ ಸೇರಿ ಬರೆದವರು ಅವರು. ಇಬ್ಬರೂ ಅದೇ ಹೊತ್ತಿನಲ್ಲಿ ಒಂದು ಸಿನಿಮಾದ ಚಿತ್ರಕಥೆಗೂ ದುಡಿಯುತ್ತಿದ್ದರು, ಪುರುಸೊತ್ತು ಎಂಬುದಿರಲಿಲ್ಲ. 1987ರ ಮೊದಲ ಕಂತಿನಲ್ಲಿ ಮನುಷ್ಯಕುಲವನ್ನು ಕಟಕಟೆಗೆ ನಿಲ್ಲಿಸಿದ್ದ ವಿಚಾರಣೆ ಇನ್ನೂ ಮುಗಿದೇ ಇಲ್ಲ ಎಂದು ಈ ಕಂತು ಹೇಳಿತು. ಏಳು ವರ್ಷದ ಕಥೆಗೆ ಬಾಗಿಲು ಹಾಕಿದ್ದೂ ಅದೇ ನ್ಯಾಯಾಲಯದಲ್ಲಿ. ನಾಯಕ ಪಿಕಾರ್ಡ್ ಮೂರು ಕಾಲಗಳ ನಡುವೆ ಓಡಾಡಿ, ಕಾರಣ ಯಾವುದು ಪರಿಣಾಮ ಯಾವುದು ಎಂದು ತನ್ನ ಬುದ್ಧಿಯಿಂದಲೇ ಗಂಟು ಬಿಡಿಸುತ್ತಾನೆ. ಆಮೇಲೆ, ಏಳು ವರ್ಷ ಒಮ್ಮೆಯೂ ತನ್ನ ಅಧಿಕಾರಿಗಳ ಇಸ್ಪೀಟು ಆಟಕ್ಕೆ ಕೂರದಿದ್ದ ಆ ಬಿಗುಮಾನದ ಮನುಷ್ಯ ಬಾಗಿಲು ತಟ್ಟಿ ಒಳಗೆ ಬಂದು, ಎಲೆ ಹಂಚಲು ಕೂರುತ್ತಾನೆ. ಒಗಟಿಗೂ ಉತ್ತರ ಸಿಕ್ಕಿತು, ಪಾತ್ರಕ್ಕೂ ಮುಕ್ತಿ ಸಿಕ್ಕಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬ ಕಟ್ಟಳೆ ಆ ದಿನ ಇರಲಿಲ್ಲ.

‘ಲಾಸ್ಟ್’ ಧಾರಾವಾಹಿಯ ಪರವಾಗಿಯೂ ಇದೇ ಕಟ್ಟಳೆಯನ್ನು ಮುಂದೆ ತರಲಾಯಿತು. ಅದು ಮುಗಿದದ್ದು 2010ರ ಮೇ 23ರಂದು. ವಿಮಾನ ಬಿದ್ದು ದ್ವೀಪ ಸೇರಿದವರೆಲ್ಲ ಮೊದಲಿಂದಲೂ ಸತ್ತಿದ್ದರು ಎಂದು ತಪ್ಪು ತಿಳಿದವರು ಬಹಳ, ನಿಜ. ದ್ವೀಪದಲ್ಲಿ ನಡೆದದ್ದೆಲ್ಲ ನಡೆದದ್ದೇ ಎಂದು ಆ ಕಂತು ಬಾಯಿಬಿಟ್ಟು ಹೇಳುತ್ತದೆ. ಈ ಒಂದು ತಪ್ಪನ್ನೇ ಹಿಡಿದು, ನಿರಾಶರಾದ ಎಲ್ಲರನ್ನೂ ತಿಳಿವಳಿಕೆ ಇಲ್ಲದವರ ಸಾಲಿಗೆ ಸೇರಿಸುವುದು ರೂಢಿಯಾಗಿದೆ. ಸರಿ, ಪಾತ್ರಗಳ ಲೆಕ್ಕವನ್ನೇ ಕೇಳೋಣ. ವಾಲ್ಟ್ ಎಲ್ಲಿ? ಮೊದಲ ಸೀಸನ್ ಪೂರ್ತಿ ಇವನು ಸಾಮಾನ್ಯ ಹುಡುಗನಲ್ಲ ಎಂದು ತೋರಿಸಿ, 2005ರಲ್ಲಿ ನಡುಸಮುದ್ರದಲ್ಲಿ ಅಪ್ಪನ ಕೈಯಿಂದ ಕಿತ್ತೊಯ್ದ ಆ ಹುಡುಗ? ಎಲ್ಲರೂ ಕೂಡುವ ಕೊನೆಯ ಚರ್ಚಿನಲ್ಲಿ ಅವನಿಲ್ಲ, ಅವನ ಅಪ್ಪ ಮೈಕಲ್ ಕೂಡ ಇಲ್ಲ. ಅವನಿಗೆ ಸಿಕ್ಕಿದ್ದು ಡಿವಿಡಿಯ ಜೊತೆ ಬಂದ ಹನ್ನೆರಡು ನಿಮಿಷದ ಬಾಲಂಗೋಚಿಯಲ್ಲಿ ಒಂದು ಮೂಲೆ. ವಾಲ್ಟ್ ಒಗಟಲ್ಲ, ಮಗು.

ಗ್ಯಾಲಾಕ್ಟಿಕಾದ ಕಡೆಯ ಕಂತಿನಲ್ಲಿ ಒಳ್ಳೆಯದೇ ಇಲ್ಲ ಎನ್ನಲಾಗದು. ಗೆಳತಿಯಂತಿದ್ದ ಟೋರಿಯೇ ತನ್ನ ಹೆಂಡತಿಯನ್ನು ಕೊಂದವಳು ಎಂದು ತಿಳಿದ ಕ್ಷಣ, ಸೈಲಾನ್‌ಗಳೊಡನೆ ಸಂಧಾನ ಇನ್ನೇನು ಕುದುರಿತು ಎನ್ನುವಾಗಲೇ, ನೌಕೆಯ ಮೆಕ್ಯಾನಿಕ್ ಟೈರಲ್ ಅವಳ ಕುತ್ತಿಗೆ ಹಿಸುಕುತ್ತಾನೆ. ಒಬ್ಬನ ದುಃಖ ಒಂದು ಕುಲದ ಶಾಂತಿಯನ್ನು ಮುರಿಯುತ್ತದೆ. ಪುಟ್ಟ ವಿಮಾನದಲ್ಲಿ ಹುಲ್ಲೆಗಳ ಹಿಂಡನ್ನು ನೋಡುತ್ತ ರಾಸ್ಲಿನ್ ಪ್ರಾಣ ಬಿಡುವುದು, ಅಡಾಮಾ ತನ್ನ ಉಂಗುರ ತೆಗೆದು ಅವಳ ಬೆರಳಿಗೆ ತೊಡಿಸುವುದು, ಇವು ಆ ಕಥೆ ಏನಾಗಬಲ್ಲದಾಗಿತ್ತು ಎಂಬುದಕ್ಕೆ ಗುರುತುಗಳು. ಕೈಲಾಗದವರು ಕೆಡಿಸಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಆ ಸಾವಿನೊಂದಿಗೆ ತೆರೆ ಬಿದ್ದಿದ್ದರೂ ಆಗುತ್ತಿತ್ತು. ಬೀಳಲಿಲ್ಲ. ಕಥೆ ಒಂದೂವರೆ ಲಕ್ಷ ವರ್ಷ ಜಿಗಿದು ಇಂದಿನ ನ್ಯೂಯಾರ್ಕಿಗೆ ಬರುತ್ತದೆ. ಬೀದಿಯಲ್ಲಿ ಒಬ್ಬ ‘ನ್ಯಾಷನಲ್ ಜಿಯಾಗ್ರಫಿಕ್’ ಓದುತ್ತ ನಿಂತಿದ್ದಾನೆ. ಆ ಪಾತ್ರದಲ್ಲಿ ಇರುವವರು ಸ್ವತಃ ಮೂರ್. ಟಾಂಜಾನಿಯಾದಲ್ಲಿ ‘ಮೈಟೊಕಾಂಡ್ರಿಯಲ್ ಈವ್’ಳ ಪಳೆಯುಳಿಕೆ ಸಿಕ್ಕಿದೆ ಎಂಬ ಸುದ್ದಿ ಅದರಲ್ಲಿದೆ. ಆಕೆ ಮನುಷ್ಯ ತಂದೆಗೂ ಸೈಲಾನ್ ತಾಯಿಗೂ ಹುಟ್ಟಿದ ಹೀರಾ ಎಂದು ನೋಡುಗ ತಿಳಿಯಬೇಕು. ಎಲ್ಲ ಮನುಷ್ಯರಿಗೂ ಹತ್ತಿರದ ಪೂರ್ವಜೆ ಎಂದು ಅಲ್ಲಿ ವಿವರಣೆ ಕೊಡುತ್ತಾರೆ, ಅದು ಸರಿಯಲ್ಲ. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಆಲನ್ ವಿಲ್ಸನ್ ಅವರು 147 ಜನರ ಮಾದರಿಗಳಿಂದ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ತಾಯಿಯಿಂದ ಮಗಳಿಗೆ ಹರಿಯುವ ಒಂದು ಎಳೆಯನ್ನು ಮಾತ್ರ. ಅವಳ ಕಾಲದಲ್ಲಿ ಬೇರೆ ಹೆಂಗಸರೂ ಇದ್ದರು, ಅವರ ರಕ್ತವೂ ನಮ್ಮಲ್ಲಿದೆ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದಲೇ ಆದ್ದರಿಂದ, ಕಥೆಯ ಪ್ರಕಾರ ಇಂದಿನ ಪ್ರತಿಯೊಬ್ಬರ ಜೀವಕೋಶದಲ್ಲೂ ಇರುವ ಆ ಅಂಶ ಸೈಲಾನ್‌ದು. ಎಂಥ ಬೆರಗಿನ ಸಂಗತಿ! ನಾಲ್ಕು ವರ್ಷ ಯಾರನ್ನು ಯಂತ್ರ ಎಂದು ಹೀಗಳೆದರೋ ಅವಳೇ ಎಲ್ಲರ ತಾಯಿ. ಕಂತು ಅದರ ಮೇಲೆ ಒಂದು ಕ್ಷಣ ನಿಲ್ಲಲೂ ಇಲ್ಲ. ಅಂಗಡಿಯ ಪರದೆಗಳಲ್ಲಿ ರೋಬಾಟ್‌ಗಳು ಕುಣಿಯುತ್ತವೆ, ಹಳೆಯ ಕಥೆ ಮತ್ತೆ ನಡೆಯಬಹುದೇ ಎಂದು ಇಬ್ಬರು ದೇವದೂತರು ಮಾತಾಡಿಕೊಂಡು ನಡೆದುಹೋಗುತ್ತಾರೆ. ಹಾಗಾದರೆ ಹಡಗುಗಳನ್ನು ಸುಟ್ಟು, ನೆನಪನ್ನೆಲ್ಲ ಅಳಿಸಿ ಲೀ ಸಾಧಿಸಿದ್ದೇನು?

ಆ ಸುದ್ದಿಯಲ್ಲಿ ಒಂದು ಪದವಿದೆ. ಪಳೆಯುಳಿಕೆ ಒಬ್ಬ ತರುಣಿಯದು ಎಂದು ಬರೆದಿದೆ. ಎರಡು ಕುಲಗಳು ಯಾವ ಮಗುವಿಗಾಗಿ ಯುದ್ಧ ಮಾಡಿದವೋ, ಯಾವ ಮಗುವನ್ನು ಬಿಡಿಸಿ ತರಲು ಒಂದು ಇಡೀ ಯುದ್ಧನೌಕೆ ಶತ್ರುವಿನ ಗೋಡೆಗೆ ಡಿಕ್ಕಿ ಹೊಡೆದು ನುಗ್ಗಿತೋ, ಆ ಹೀರಾ ಮುಪ್ಪು ಕಾಣಲಿಲ್ಲ. ಹೆರಿಗೆಯಲ್ಲಿ ಸತ್ತಳೋ, ಜ್ವರದಲ್ಲೋ? ನೌಕೆಯ ಡಾಕ್ಟರ್ ಕಾಟಲ್‌ನ ಆಸ್ಪತ್ರೆಯ ಸಲಕರಣೆ ಅಷ್ಟರಲ್ಲಿ ಸೂರ್ಯನಲ್ಲಿ ಉರಿದುಹೋಗಿ ವರ್ಷಗಳಾಗಿದ್ದವು. ಇಬ್ಬರು ದೇವದೂತರು ಆ ಸಾಲನ್ನು ಓದಿದರು, ಅವಳು ಏಕೆ ಸತ್ತಳು ಎಂದು ಕೇಳಲಿಲ್ಲ.